ಮೊದಲ ನೀರು

ಒಂಬತ್ತರ ಕನ್ನಡ ಆರಾಧನೆ ಮುಗಿದು
ಹತ್ತೂವರೆಯ ತಮಿಳರು ಮೆಟ್ಟಿಲೇರುವ ಹೊತ್ತಿಗೆ
ಪಾತ್ರೆ ಒರೆಸಿದ ಬಟ್ಟೆಗಳು ನನ್ನ ಬುಟ್ಟಿಗೆ ಬೀಳುತ್ತವೆ.
ಐದು. ಹಬ್ಬವಾದರೆ ಎಂಟು.
ಬಿಳಿ ಲಿನನ್, ಮೂಲೆಯಲ್ಲಿ ಕೆಂಪು ದಾರದ ಪುಟ್ಟ ಶಿಲುಬೆ,
ಎಲ್ಲ ಸೌಭಾಗ್ಯ ಆಂಟಿಯ ಕೈದು.
ಹಳೆಯವು ನೆಟ್ಟಗಿವೆ.
ಕಣ್ಣಿಗೆ ಪೊರೆ ಬಂದ ಮೇಲಿನವು ವಾಲಿವೆ.

ಮೂವತ್ತೊಂದು ವರ್ಷ ಇಎಸ್‌ಐ ಆಸ್ಪತ್ರೆಯ ನರ್ಸು ನಾನು.
ಥಿಯೇಟರಿನ ಮೊದಲ ಪಾಠ:
ರಕ್ತಕ್ಕೆ ತಣ್ಣೀರು. ಬಿಸಿ ಬಿದ್ದರೆ ಕಲೆ ಕೂತುಬಿಡುತ್ತದೆ.
ದ್ರಾಕ್ಷಿಗೆ ಅಮ್ಮ ಹೇಳಿಕೊಟ್ಟದ್ದು ಉಲ್ಟಾ:
ಕುದಿನೀರು, ಎತ್ತರದಿಂದ, ಧಾರೆಯಾಗಿ.

ಹಾಗಾದರೆ ಇದಕ್ಕೆ?
ಇದು ರಕ್ತವೆಂದು ಅಯ್ಯನವರು ಎತ್ತಿ ತೋರಿಸಿದ್ದಕ್ಕೆ,
ನಾವು ಆಮೆನ್ ಅಂದದ್ದಕ್ಕೆ?

ಕೇಳಿಯೇಬಿಟ್ಟೆ ಒಮ್ಮೆ.
ಹೊಸಮನಿ ಅಯ್ಯನವರು ನಿಲುವಂಗಿ ಕಳಚುತ್ತಾ ನಿಂತುಬಿಟ್ಟರು,
ಒಂದು ತೋಳು ಒಳಗೆ, ಒಂದು ಹೊರಗೆ:
"ಅಕ್ಕಾರ, ಸೆಮಿನರಿಯೊಳಗ ಇದನ್ನ ಯಾರೂ ಕೇಳಿರಲಿಲ್ಲ ನೋಡ್ರಿ."

ಬಟ್ಟೆ ಹರಡಿದರೆ ಅಂದಿನ ಸಭೆ ಕೂತಿರುತ್ತದೆ.
ಲಿಪ್‌ಸ್ಟಿಕ್ಕಿನ ಅರ್ಧಚಂದ್ರ,
ಎರಡನೇ ಸಲ ಮದುವೆ ಪ್ರಕಟಣೆ ಓದಿಸಿಕೊಂಡ ಹುಡುಗಿಯದು.
ಕೊಬ್ಬರಿ ಎಣ್ಣೆಯ ವಾಸನೆ, ಬೆಂಜಮಿನ್ನನ ಮೀಸೆಯದು,
ರಾತ್ರಿ ಪಾಳಿಯ ಬಸ್ಸು ಡಿಪೋಗೆ ಬಿಟ್ಟು
ಖಾಕಿಯಲ್ಲೇ ಬಂದು ಕೊನೆಯ ಬೆಂಚಿನಲ್ಲಿ ತೂಕಡಿಸಿ
ಕಾಣಿಕೆ ಹಾಡಿಗೆ ಸರಿಯಾಗಿ ಏಳುವವನು.

ಇನ್ನು ಕರುಣಾಕರ, ಪ್ರಭುಚರಣ. ಭಾವ ಭಾವಮೈದ.
ಕಮಿಟಿ ಚುನಾವಣೆಯಲ್ಲಿ ಆರು ಓಟಿನ ಅಂತರ,
ಜನರೇಟರ್ ಟೆಂಡರಿನ ಮಾತು, ಒಂದು ಲಾಯರ್ ನೋಟೀಸು.
ಸಮಾಧಾನದ ವಂದನೆಯ ಹೊತ್ತಿಗೆ ಒಬ್ಬ ಕಂಬಕ್ಕೆ ಕೈ ಮುಗಿಯುತ್ತಾನೆ,
ಇನ್ನೊಬ್ಬ ಹಾಡಿನ ಪುಸ್ತಕದಲ್ಲಿ ನಂಬರು ಹುಡುಕುತ್ತಾನೆ.
ಆದರೆ ಕಟಾಂಜನದ ಮುಂದೆ ಮಂಡಿಯೂರಲೇಬೇಕಲ್ಲ.
ಅಯ್ಯನವರು ಪ್ರತಿ ಬಾಯಿಗೂ ಅಂಚು ಒರೆಸಿ
ಪಾತ್ರೆಯನ್ನು ಕಾಲು ಸುತ್ತು ತಿರುಗಿಸುತ್ತಾರೆ.
ಲೆಕ್ಕ ಹಾಕಿ: ಐದನೆಯವನಿಗೆ ಸಿಗುವುದು ಮೊದಲನೆಯವನ ಅಂಚೇ.
ಅವರಿಬ್ಬರ ನಡುವೆ ಮಂಡಿಯೂರಿದ್ದು ಮೂವರು.
ನಾನು ಎಣಿಸಿದೆ.
ಯಾರಿಗೂ ಹೇಳಿಲ್ಲ.

ಮೊದಲ ನೀರು ಮೋರಿಗೆ ಹೋಗಬಾರದು, ಅದು ನಿಯಮ.
ತಮಿಳು ಆರಾಧನೆಯ ಗಂಟೆ ಬಾರಿಸುವಾಗ
ನಾನು ಹಿಂದಿನ ಅಂಗಳದಲ್ಲಿ, ಸ್ಟೀಲ್ ಬೇಸಿನ್ ಹಿಡಿದು,
ಆಕಾಶಮಲ್ಲಿಗೆಯ ಬೇರಿಗೆ ಬಗ್ಗಿಸುತ್ತೇನೆ.
ಮೆಟ್ರೋದವರು ಟೇಪು ಹಿಡಿದು ಬಂದು
ಎರಡಡಿ ಅಂತರದಲ್ಲಿ ಬಿಟ್ಟುಹೋದ ಮರ.
ಗೋಡೆಯ ಆಚೆಯಿಂದ ಆಟೋದವರೂ
ಗೋಡೆಗೆ ಮುಖ ಮಾಡಿ ನಿಂತು ಅದೇ ಬೇರಿಗೆ ತಮ್ಮ ಪಾಲು ಕೊಡುತ್ತಾರೆ.
ಬೋರ್ಡು ಹಾಕಿಸಿದೆವು. ಪ್ರಯೋಜನವಾಗಲಿಲ್ಲ.
ಮರವಂತೂ ಭೇದ ಮಾಡಿದ್ದು ಕಾಣೆ,
ನವೆಂಬರಿನಲ್ಲಿ ಎರಡೂ ಕಡೆ ಉದುರಿಸುತ್ತದೆ.

ಕಳೆದ ವಾರ ಅಯ್ಯನವರ ಸ್ಕೂಟರಿನ ಹಿಂದೆ ಕೂತು
ಲಿಂಗರಾಜಪುರಕ್ಕೆ ಹೋದೆ, ಮಡಿಲಲ್ಲಿ ಸಣ್ಣ ಪೆಟ್ಟಿಗೆ.
ಸೌಭಾಗ್ಯ ಆಂಟಿಗೆ ಈಗ ನುಂಗಲಾಗುವುದಿಲ್ಲ.
ಚಮಚದ ತುದಿಯಲ್ಲಿ ಒಂದು ಹನಿ ಮುಟ್ಟಿಸಿದರು,
ಗಲ್ಲಕ್ಕಿಳಿಯಿತು. ಒರೆಸಿದೆ.
ಬಟ್ಟೆಯನ್ನು ಹಿಡಿದುಕೊಂಡರು, ಬಿಡಲಿಲ್ಲ.
ಹೆಬ್ಬೆರಳು ಮೂಲೆ ಹುಡುಕಿ, ದಾರ ಸವರಿ,
"ಸೊಟ್ಟ ಇದೆ. ಯಾರು ಹಾಕಿದ್ದು?"
"ನೀವೇ, ಆಂಟಿ."
"ಬಿಚ್ಚು. ಬೇರೆ ಹಾಕಿಕೊಡ್ತೀನಿ."

ಬಿಚ್ಚಲಿಲ್ಲ.

ಮನೆಗೆ ಬಂದು ಮೊದಲು ತಣ್ಣೀರು, ಆಮೇಲೆ ಬಿಸಿ,
ಎರಡರಲ್ಲೊಂದು ಸರಿಯಿರಲಿ ಎಂದು.
ಇನ್ನೂ ಉಳಿದಿದೆ, ಸಾಸಿವೆಯಷ್ಟು, ಕಂದು.
ಶನಿವಾರ ಇಸ್ತ್ರಿ. ಉದ್ದಕ್ಕೆ ಮೂರು ಮಡಿಕೆ, ಅಡ್ಡಕ್ಕೆ ಮೂರು,
ಕಲೆ ಒಳಕ್ಕೆ ಹೋಗುವ ಹಾಗೆ.
ಶಿಲುಬೆ ಮೇಲೆ ಬರಬೇಕು.
ಬಂತು, ಸ್ವಲ್ಪ ಎಡಕ್ಕೆ.